ಇಳಿಜಾರಿನ ಸೈಟು, ಐದು ನಕ್ಷೆ, 36 ಮೆಟ್ಟಿಲು

ಹೋದ ತಿಂಗಳು ಹೊಸ ಮನೆಗೆ ಬಂದೆವು. ಸಾಮಾನಿನ ಪೆಟ್ಟಿಗೆಗಳನ್ನು ಇನ್ನೂ ಪೂರ್ತಿ ಬಿಚ್ಚಿಲ್ಲ. ಅಷ್ಟರಲ್ಲೇ ಮೂರು ಜನ ಒಂದೇ ಪ್ರಶ್ನೆ ಕೇಳಿದರು: "ಇಷ್ಟು ಚಿಕ್ಕ ಸೈಟು, ಅದೂ ಜಾರುಬಂಡೆ ಥರ ಇದೆ. ಹೇಗೆ ಕಟ್ಟಿಸಿದ್ರಿ?" ಕಟ್ಟಿಸಿದ್ದು 14 ತಿಂಗಳು. ಅದಕ್ಕೂ ಮೊದಲು ನಕ್ಷೆಗೇ 11 ತಿಂಗಳು ಹಿಡಿಯಿತು. ಜೀವ ಹಿಂಡಿದ್ದು ಆ 11 ತಿಂಗಳೇ. ಅದಕ್ಕೇ ಕಟ್ಟಿಸಿದ ಕಥೆಗಿಂತ ನಕ್ಷೆಯ ಕಥೆಯನ್ನೇ ಜಾಸ್ತಿ ಹೇಳುತ್ತೇನೆ.

ಸೈಟು 30 ಅಡಿ ಅಗಲ, 40 ಅಡಿ ಉದ್ದ. ರಸ್ತೆ ಮೇಲಿನ ಬದಿಯಲ್ಲಿದೆ. ಗೇಟಿನ ಹತ್ತಿರ ನಿಂತರೆ ನೆಲ ಹಿಂದಕ್ಕೆ ಇಳಿಯುತ್ತಾ ಹೋಗುತ್ತದೆ. ಕೊಂಡುಕೊಳ್ಳುವಾಗ "ಒಂದೈದು ಅಡಿ ಇಳಿಜಾರು ಇರಬಹುದು ಅಷ್ಟೇ, ಮಣ್ಣು ತುಂಬಿಸಿದರೆ ಆಯ್ತು" ಎಂದು ಎಲ್ಲರೂ ಹೇಳಿದರು. ನಾನೂ ಅದನ್ನೇ ನಂಬಿದೆ. ಸಮತಟ್ಟಾದ ಸೈಟಿಗಿಂತ ಕಡಿಮೆ ಬೆಲೆಗೆ ಸಿಕ್ಕಿತ್ತಲ್ಲ, ನಂಬಲು ಮನಸ್ಸೂ ಇತ್ತು.

ಮೊದಲ ಭಾನುವಾರವೇ ಟೇಪು ಹಿಡಿದು ನಾನೂ ಹೆಂಡತಿಯೂ ಅಳೆಯಲು ಹೋದೆವು. ನೆಲದ ಮೇಲೆ ಟೇಪು ಹಾಸಿ ನೋಡಿದರೆ ಉದ್ದ 40 ಅಡಿ 9 ಇಂಚು ಮೇಲೆ ಬಂತು. ಕಾಗದದಲ್ಲಿ ಇರುವುದು 40. ಮುಕ್ಕಾಲು ಅಡಿ ಪುಕ್ಕಟೆ ಬಂತು ಅಂತ ಖುಷಿಯೋ ಖುಷಿ. ಆಮೇಲೆ ಸರ್ವೆಯವರು ಬಂದಾಗ ಇದನ್ನು ಹೇಳಿದೆ. ಅವರು ನಕ್ಕುಬಿಟ್ಟರು. "ಸಾರ್, ಜಾಗದ ಅಳತೆ ಮಟ್ಟಸವಾಗಿ ಹಿಡಿಯೋದು. ನೀವು ಇಳಿಜಾರಿನ ಮೇಲೆ ಹಾಸಿದ್ದೀರಿ. ಇಳಿಜಾರು ಜಾಸ್ತಿಯಾದಷ್ಟೂ ಟೇಪು ಜಾಸ್ತಿ ತೋರಿಸುತ್ತೆ." ಅವರ ಉಪಕರಣದಲ್ಲಿ ನಮ್ಮ ಇಳಿಜಾರು 5 ಅಡಿ ಅಲ್ಲ, 8 ಅಡಿ. ಅಂದರೆ ಐದು ಅಡಿ ನಡೆದರೆ ಒಂದು ಅಡಿ ಇಳಿಯುತ್ತದೆ. ಅದರ ಜೊತೆಗೆ ಹಿಂದಿನ ಎಡಮೂಲೆ ಬಲಮೂಲೆಗಿಂತ ಇನ್ನೂ ಒಂದೂಕಾಲು ಅಡಿ ಕೆಳಗಿತ್ತು. ಕಣ್ಣಿಗೆ ಇದು ಗೊತ್ತಾಗುವುದೇ ಇಲ್ಲ.

ಇಲ್ಲೊಂದು ಮಾತು. ಸರ್ವೆಗೆ ಕಾಯಲು ಆಗದಿದ್ದರೆ, ಸೈಟು ಕೊಳ್ಳುವ ಮೊದಲೇ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಅವರ ಬಳಿ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದೆ. ಒಂದು ತುದಿ ರಸ್ತೆಯ ಹತ್ತಿರ, ಇನ್ನೊಂದು ತುದಿ ಹಿಂದಿನ ಮೂಲೆಯಲ್ಲಿ ಹಿಡಿದರೆ ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆಲದಿಂದ ನೀರಿನ ಗೆರೆಯವರೆಗೆ ಎರಡೂ ಕಡೆ ಅಳೆದು ಕಳೆದರೆ ಮುಗಿಯಿತು, ಇಳಿಜಾರು ಎಷ್ಟು ಅಂತ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಒಂದೇ ಜಾಗ್ರತೆ, ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು. ನಾವು ಇದನ್ನು ಮಾಡಲಿಲ್ಲ. ಮಾಡಿದ್ದರೆ ಮೊದಲ ಎರಡು ನಕ್ಷೆಗಳ ಹಣವೂ ನಾಲ್ಕು ತಿಂಗಳೂ ಉಳಿಯುತ್ತಿದ್ದವು.

ಯಾಕೆಂದರೆ ಸರ್ವೆ ಮಾಡಿಸಿದ್ದು ಎರಡನೇ ನಕ್ಷೆ ಆದ ಮೇಲೆ!

ಮೊದಲ ನಕ್ಷೆ ಮಾಡಿದವರು ಸೈಟು ನೋಡಲು ಬರಲೇ ಇಲ್ಲ. "30×40 ಅಲ್ವಾ, ಗೊತ್ತಿರೋದೇ" ಎಂದರು. ಒಂದು ವಾರದಲ್ಲಿ ಚೆಂದದ ಬಣ್ಣದ ಚಿತ್ರ ಬಂತು. ಹಾಲು, ಅಡಿಗೆಮನೆ, ಎರಡು ರೂಮು, ಮೇಲೆ ಮತ್ತೆರಡು. ನಾವು ಸೋಫಾ ಎಲ್ಲಿಡೋದು ಅಂತ ಜಗಳವಾಡಿದೆವು. ಮಗಳು ತನ್ನ ರೂಮಿನ ಬಣ್ಣ ಆರಿಸಿದಳು. ಆ ಚಿತ್ರದಲ್ಲಿ ನೆಲ ಪೂರ್ತಿ ಸಪಾಟಾಗಿತ್ತು. ಅದನ್ನು ನಮ್ಮ ಸೈಟಿನಲ್ಲಿ ಕೂರಿಸಬೇಕಾದರೆ ಹಿಂಬದಿಯಲ್ಲಿ 8 ಅಡಿಯ ತಡೆಗೋಡೆ ಕಟ್ಟಿ, ರಸ್ತೆಯ ಮಟ್ಟದವರೆಗೆ ಮಣ್ಣು ತುಂಬಬೇಕಿತ್ತು.

ಪರಿಚಯದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿದೆ. ಅವರು ಚಿತ್ರವನ್ನು ಪಕ್ಕಕ್ಕಿಟ್ಟು ಹಾಳೆಯ ಮೇಲೆ ಒಂದು ಓರೆ ಗೆರೆ ಎಳೆದರು. ಅದರ ಮೇಲೆ ಮನೆಯ ಡಬ್ಬಿ ಬರೆದರು. "ಪಾಯ ತುಂಬಿದ ಮಣ್ಣಿನ ಮೇಲೆ ನಿಲ್ಲೋ ಹಾಗಿಲ್ಲ. ತುಂಬಿದ ಮಣ್ಣು ಎಷ್ಟು ಗುದ್ದಿದರೂ ಕುಸಿಯುತ್ತೆ. ಅದನ್ನ ದಾಟಿ ಮೂಲ ನೆಲದ ಒಳಗೇ ಹೋಗಬೇಕು. ಅಂದ್ರೆ ಮೊದಲು ತುಂಬೋದು, ಮತ್ತೆ ಅದರಲ್ಲೇ ಇನ್ನೂ ಆಳಕ್ಕೆ ಇಳಿಯೋದು. ಯಾಕೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಡೆಗೋಡೆಯ ಲೆಕ್ಕ ಅವರು ಹೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಗೋಡೆಯ ಎತ್ತರ ಎರಡು ಪಟ್ಟಾದರೆ ಮಣ್ಣು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗೋಡೆಯನ್ನು ಮಗುಚಿ ಹಾಕುವ ಶಕ್ತಿ ಎಂಟು ಪಟ್ಟಾಗುತ್ತದೆ. ಗೋಡೆಯ ಹಿಂದೆ ನೀರು ನಿಂತರಂತೂ ಒಣ ಮಣ್ಣಿನ ಎರಡು ಪಟ್ಟಿಗೂ ಜಾಸ್ತಿ ಒತ್ತಡ. ಅದಕ್ಕೇ ತಡೆಗೋಡೆಯಲ್ಲಿ ನೀರು ಇಳಿಯಲು ತೂತು ಬಿಡುವುದು, ಹಿಂದೆ ಜಲ್ಲಿ ತುಂಬುವುದು. ನಾನು ಅಲ್ಲಿಯವರೆಗೆ ಆ ತೂತುಗಳನ್ನು ಕಟ್ಟುವವರ ಸೋಮಾರಿತನ ಅಂದುಕೊಂಡಿದ್ದೆ.

ಎರಡನೇ ನಕ್ಷೆ ಅದೇ ಮೊದಲಿನವರದು. ತುಂಬುವುದು ಬೇಡವಾದರೆ ಕಡಿಯೋಣ ಎಂದರು. ಅಂದರೆ ಇಡೀ ಸೈಟನ್ನು ಹಿಂದಿನ ಮಟ್ಟಕ್ಕೆ ಇಳಿಸುವುದು. ಆಮೇಲೆ ಸರ್ವೆಯಲ್ಲಿ ಸಿಕ್ಕ 8 ಅಡಿಯನ್ನೇ ಹಿಡಿದು ನಾನೇ ಲೆಕ್ಕ ಹಾಕಿದೆ: 1200 ಚದರ ಅಡಿ, ಸರಾಸರಿ 4 ಅಡಿ ಆಳ, 4800 ಘನ ಅಡಿ ಮಣ್ಣು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಹೆಚ್ಚುಕಮ್ಮಿ ಕಾಲು ಭಾಗ ಜಾಸ್ತಿಯಾಗುತ್ತದೆ. ಲಾರಿಯವರು ಎಣಿಸುವುದು ಉಬ್ಬಿದ ಮಣ್ಣನ್ನು. ಹಾಗಾಗಿ ನಾವು ಹಣ ಕೊಡಬೇಕಾದ್ದು 6000 ಘನ ಅಡಿಗೆ. ಇಷ್ಟಾಗಿಯೂ 8 ಅಡಿಯ ತಡೆಗೋಡೆ ತಪ್ಪಲಿಲ್ಲ, ಹಿಂದಿನಿಂದ ಮುಂದಕ್ಕೆ ಬಂತು ಅಷ್ಟೇ. ಈಗ ಅದು ರಸ್ತೆಯನ್ನೇ ಹೊರಬೇಕು. ಮುಂದಿನ ರೂಮಿನ ಕಿಟಕಿ ತೆರೆದರೆ ಎದುರಿಗೆ ಕಾಂಕ್ರೀಟ್ ಗೋಡೆ, ಮೇಲೆ ಹೋಗುವವರ ಚಪ್ಪಲಿ.

ಅಲ್ಲಿಗೆ ಅವರಿಗೆ ಕೈಮುಗಿದೆವು. ಕೊಟ್ಟ ಹಣ ವಾಪಸ್ ಬರಲಿಲ್ಲ. ತಪ್ಪು ಅವರದ್ದೇ ಅಂತ ಹೇಳಲಾರೆ. ಒಪ್ಪಂದದ ಕಾಗದದಲ್ಲಿ "ನಕ್ಷೆ" ಅಂತ ಇತ್ತೇ ಹೊರತು ಸೈಟಿಗೆ ಬರುವುದು, ಮಟ್ಟ ಅಳೆಯುವುದು, ಎಷ್ಟು ಸಲ ತಿದ್ದಿಕೊಡುವುದು, ಯಾವುದೂ ಇರಲಿಲ್ಲ. ನೀವು ಇದನ್ನೆಲ್ಲ ಮೊದಲೇ ಬರೆಸಿಕೊಳ್ಳಿ. ಎಷ್ಟು ತಿದ್ದುಪಡಿ ಶುಲ್ಕದೊಳಗೆ, ಅದಾದ ಮೇಲೆ ಒಂದೊಂದಕ್ಕೆ ಎಷ್ಟು ಅಂತ. ಇಳಿಜಾರಿನಲ್ಲಿ ತಿದ್ದುಪಡಿ ಆಗಿಯೇ ಆಗುತ್ತದೆ.

ಆಮೇಲೆ ಸರ್ವೆ ಮಾಡಿಸಿದೆವು. ಒಂದೊಂದು ಅಡಿ ಎತ್ತರಕ್ಕೆ ಒಂದೊಂದು ಸಮಮಟ್ಟದ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ನಕ್ಷೆ ಕೇಳಿ ತೆಗೆದುಕೊಳ್ಳಿ. ಬರೀ ನಾಲ್ಕು ಮೂಲೆಯ ಅಂಕಿ ಸಾಲದು. ಎತ್ತರ ಅಳೆಯಲು ಶುರುಮಾಡುವ ಸೊನ್ನೆ ಎಲ್ಲಿ ಅಂತಲೂ ಗುರುತು ಹಾಕಿಸಿ. ಯಾರೂ ಕಿತ್ತುಹಾಕದ ಜಾಗ ಬೇಕು. ನಮ್ಮದು ರಸ್ತೆಯ ಅಂಚಿನ ಕಲ್ಲು, ಅದರ ಮೇಲೆ ಕೆಂಪು ಬಣ್ಣ. ಮುಂದೆ ಪಾಯದಿಂದ ಟೆರೇಸಿನವರೆಗೆ ಎಲ್ಲ ಅಳತೆಯೂ ಆ ಕೆಂಪು ಚುಕ್ಕೆಯಿಂದಲೇ. ಜೊತೆಗೆ ಇನ್ನೆರಡು ಅಳತೆ ತಗೊಳ್ಳಿ: ರಸ್ತೆಯ ಒಳಚರಂಡಿ ಪೈಪಿನ ತಳ ಎಷ್ಟು ಆಳದಲ್ಲಿದೆ, ಮತ್ತು ಅಕ್ಕಪಕ್ಕದವರ ಪಾಯ, ಕಾಂಪೌಂಡ್ ಯಾವ ಮಟ್ಟದಲ್ಲಿವೆ. ಈ ಮೊದಲನೆಯದನ್ನು ನಾವು ಬಿಟ್ಟೆವು. ಅದರ ಫಲ ಮುಂದೆ ಹೇಳುತ್ತೇನೆ.

ಮಣ್ಣು ಪರೀಕ್ಷೆಗೆ ಮೂರು ವಾರ ಕಾದೆವು. ಮುಂಭಾಗದಲ್ಲಿ 4 ಅಡಿಗೇ ಗಟ್ಟಿ ನೆಲ ಸಿಕ್ಕಿತು. ಹಿಂದಿನ ಎಡಮೂಲೆಯಲ್ಲಿ ಅಗೆದರೆ ಇಟ್ಟಿಗೆ ಚೂರು, ಹಳೇ ಗಾರೆ, ಹರಿದ ಸಿಮೆಂಟ್ ಚೀಲ! ಯಾರೋ ಯಾವಾಗಲೋ ಹಳೇ ಕಟ್ಟಡದ ಕಸ ತಂದು ಸುರಿದಿದ್ದರು. 3 ಅಡಿ ದಪ್ಪ. ಮೇಲೆ ಹುಲ್ಲು ಬೆಳೆದು ನೆಲ ಅನ್ನಿಸುತ್ತಿತ್ತು. ಇಳಿಜಾರಿನ ಸೈಟಿನ ತಗ್ಗು ಮೂಲೆಗೆ ಕಸ ಸುರಿಯುವುದು ಸಾಮಾನ್ಯವಂತೆ, ಎಂಜಿನಿಯರ್ ಹೇಳಿದರು. ಹಾಗಾಗಿ ಪರೀಕ್ಷೆಗೆ ಒಂದೇ ಗುಂಡಿ ಸಾಕು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮೇಲೊಂದು, ಕೆಳಗೊಂದು ಬೇಕೇ ಬೇಕು. ಸರ್ವೆ, ಮಣ್ಣು ಪರೀಕ್ಷೆ ಎರಡೂ ಸೇರಿ ನಮ್ಮ ಒಟ್ಟು ಖರ್ಚಿನಲ್ಲಿ ನೂರಕ್ಕೆ ಒಂದೂ ಆಗಲಿಲ್ಲ.

ಎರಡನೆಯ ಆರ್ಕಿಟೆಕ್ಟ್ ಒಬ್ಬ ಹೆಂಗಸು. ಮೊದಲ ಭೇಟಿಗೇ ಸೈಟಿಗೆ ಬಂದರು. ಹಿಂದಿನ ಮೂಲೆಗೆ ಇಳಿದು ಹೋಗಿ ಅಲ್ಲಿ ಸುಮ್ನೆ ಹತ್ತು ನಿಮಿಷ ನಿಂತರು. ನಾವು ನಮ್ಮ ಪಟ್ಟಿ ತೆಗೆದೆವು, ಎಷ್ಟು ರೂಮು, ಎಷ್ಟು ಬಚ್ಚಲು ಅಂತ. "ಅದು ಆಮೇಲೆ. ಮೊದಲು ಸೆಕ್ಷನ್ ಬರೆಯೋಣ" ಎಂದರು.

ಸೆಕ್ಷನ್ ಅಂದರೆ ಮನೆಯನ್ನು ಮೇಲಿಂದ ಕೆಳಗೆ ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ. ಪ್ಲಾನ್ ಅಂದರೆ ಮೇಲಿನಿಂದ ನೋಡಿದ ಚಿತ್ರ, ಅದರಲ್ಲಿ ಇಳಿಜಾರು ಕಾಣುವುದೇ ಇಲ್ಲ, ಎಲ್ಲ ಸಪಾಟು. ಸೆಕ್ಷನ್‌ನಲ್ಲಿ ಮಾತ್ರ ಅದು ಕಣ್ಣಿಗೆ ಹೊಡೆಯುತ್ತದೆ. ನನ್ನ ಕೇಳಿದರೆ, ಇಳಿಜಾರಿನ ಸೈಟಿಗೆ ಪ್ಲಾನ್ ಮೊದಲು ತೋರಿಸುವವರ ಹತ್ತಿರ ಹೋಗಲೇಬೇಡಿ.

ಅವರು ಸೂಚಿಸಿದ್ದು ಹೀಗೆ. ನಾಲ್ಕೂ ಕಡೆ ಬಿಡಬೇಕಾದ ಜಾಗ ಬಿಟ್ಟರೆ ಕಟ್ಟಲು 24 ಅಡಿ ಅಗಲ, 30 ಅಡಿ ಉದ್ದ ಉಳಿಯುತ್ತದೆ. ಅದನ್ನು ಮುಂದೆ 15, ಹಿಂದೆ 15 ಎಂದು ಎರಡು ಭಾಗ ಮಾಡುವುದು. ಮುಂದಿನ ಭಾಗ ರಸ್ತೆಯ ಮಟ್ಟಕ್ಕೆ. ಹಿಂದಿನ ಭಾಗ ಅರ್ಧ ಅಂತಸ್ತು ಕೆಳಗೆ. ಅದರ ಮೇಲಿನ ಮಟ್ಟಗಳೂ ಹಾಗೇ ಅರ್ಧರ್ಧ ಏರುತ್ತಾ ಹೋಗುತ್ತವೆ. ನಾಲ್ಕು ಅರ್ಧ ಅಂತಸ್ತು, ಒಂದೊಂದೂ 360 ಚದರ ಅಡಿ, ಒಟ್ಟು 1440. ನೆಲ ಹೇಗೆ ಇಳಿಯುತ್ತದೋ ಮನೆಯೂ ಹಾಗೇ ಇಳಿಯುತ್ತದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೆಟ್ಟಿಲು. ಮಾಮೂಲಿ ಮನೆಯಲ್ಲಿ ಮೆಟ್ಟಿಲು ಅರ್ಧಕ್ಕೆ ಹತ್ತಿ ತಿರುಗಲು ಒಂದು ಕಟ್ಟೆ ಬೇಕು, ಅಲ್ವಾ? ಆ ಜಾಗ ಬೇರೆ ಯಾವುದಕ್ಕೂ ಬರುವುದಿಲ್ಲ. ಅರ್ಧ ಅಂತಸ್ತಿನ ಮನೆಯಲ್ಲಿ ಆ ಕಟ್ಟೆಯೇ ಮನೆ. ಹತ್ತಿ ನಿಂತಲ್ಲೇ ಒಂದು ರೂಮು. ಚಿಕ್ಕ ಮನೆಯಲ್ಲಿ ಇದು ದೊಡ್ಡ ಉಳಿತಾಯ.

ಮೂರನೇ ನಕ್ಷೆ ಬಂತು. ಅಮ್ಮನಿಗೆ ಕೆಳಗೆ ತೋಟದ ಪಕ್ಕ ರೂಮು, ಅಲ್ಲೇ ಬಚ್ಚಲು. ತಂಪು, ನೆರಳು, ಶಾಂತಿ. ನಮಗೆಲ್ಲ ತುಂಬಾ ಇಷ್ಟವಾಯಿತು. ಹೆಂಡತಿ ಅದಕ್ಕೊಂದು ರಟ್ಟಿನ ಮಾದರಿ ಮಾಡಿದಳು. 50ರಲ್ಲಿ ಒಂದು ಪಾಲು. 18 ಸೆಂಟಿಮೀಟರ್ ಅಗಲ, 24 ಉದ್ದ. ಅರ್ಧ ಸೆಂಟಿಮೀಟರ್ ದಪ್ಪದ ರಟ್ಟು ಹತ್ತು ಪದರ ಅಂಟಿಸಿದರೆ ನಮ್ಮ ಇಳಿಜಾರು ತಯಾರು. ಇದನ್ನು ನೀವೂ ಮಾಡಿ, ದಯವಿಟ್ಟು. ಎರಡು ಸಂಜೆಯ ಕೆಲಸ. ಕಂಪ್ಯೂಟರಿನ ಚಿತ್ರ ನೋಡಿ ತಲೆಯಾಡಿಸುವ ಮನೆಯವರು ರಟ್ಟಿನ ಮಾದರಿಯನ್ನು ಕೈಯಲ್ಲಿ ಹಿಡಿದ ಕೂಡಲೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.

ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿನಲ್ಲಿ ಮೆಟ್ಟಿಲು ಎಣಿಸಿದರು.

"ನನ್ನ ರೂಮು ಇದಾ?"

"ಹೂಂ ಅಮ್ಮಾ. ಎದುರಿಗೇ ಗಿಡ."

"ಗಿಡ ಸರಿ ಕಣೋ. ಯಾರಾದ್ರೂ ಬಾಗಿಲು ತಟ್ಟಿದ್ರೆ ನಾನು ಒಂಬತ್ತು ಮೆಟ್ಟಿಲು ಹತ್ತಬೇಕು. ಅಡಿಗೆಮನೆಗೆ ಹೋಗೋಕೆ ಹತ್ತಬೇಕು. ನಾಳೆ ಮಂಡಿ ಕೈಕೊಟ್ಟರೆ ಡಾಕ್ಟ್ರ ಹತ್ರ ಹೋಗೋಕೂ ಹತ್ತಬೇಕು. ನೀವೆಲ್ಲ ಮೇಲೆ, ನಾನು ಕೆಳಗೆ. ಬಾವಿಗೆ ಇಳಿಸಿದ ಹಾಗಾಯ್ತಲ್ಲೋ."

ಯಾರೂ ಮಾತಾಡಲಿಲ್ಲ. ನಾವು ನಾಲ್ಕು ಜನ ದೊಡ್ಡವರು, ಆರ್ಕಿಟೆಕ್ಟ್ ಸೇರಿ, ಎರಡು ತಿಂಗಳು ಆ ನಕ್ಷೆ ನೋಡಿದ್ದೆವು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಸಮತಟ್ಟಾದ ಸೈಟಿನಲ್ಲಿ ಕೆಳಗಿನ ರೂಮು ವಯಸ್ಸಾದವರಿಗೆ ಎಂಬ ಅಭ್ಯಾಸ. ಇಳಿಜಾರಿನಲ್ಲಿ ಕೆಳಗಿನದು ಅಂದರೆ ರಸ್ತೆಗೆ ದೂರದ್ದು. ವಯಸ್ಸಾದವರಿಗೆ ಬೇಕಾದ್ದು ರಸ್ತೆಯ ಮಟ್ಟ. ಅಷ್ಟೇ ವ್ಯತ್ಯಾಸ.

ಅದೇ ವಾರ ಇನ್ನೊಂದು ಏಟು. ಕೊಳಾಯಿ ಕೆಲಸದವರನ್ನು ಸುಮ್ನೆ ಒಂದು ಮಾತು ಕೇಳೋಣ ಅಂತ ಕರೆದೆ. ಅವರು ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಎತ್ತಿಸಿ ಕೋಲು ಇಳಿಸಿದರು. ಪೈಪಿನ ತಳ ರಸ್ತೆಯಿಂದ ಮೂರೂವರೆ ಅಡಿ ಕೆಳಗೆ. ನಮ್ಮ ಕೆಳಗಿನ ಬಚ್ಚಲಿನ ಪೈಪು ಶುರುವಾಗುವುದೇ 6 ಅಡಿ ಕೆಳಗೆ. "ನೀರು ಮೇಲಕ್ಕೆ ಹತ್ತಲ್ಲ ಸಾರ್" ಎಂದರು. ಹತ್ತಿಸಬೇಕಾದರೆ ಕೊಳಕು ನೀರಿಗೆ ತೊಟ್ಟಿ, ಪಂಪು, ಕರೆಂಟು ಹೋದಾಗ ಅದಕ್ಕೊಂದು ಬದಲಿ ವ್ಯವಸ್ಥೆ. ಇಲ್ಲವೇ ಕೆಳಗಿನ ಸೈಟಿನವರ ಜಾಗದಲ್ಲಿ ಪೈಪು ಹಾಕಲು ಅನುಮತಿ. ಅವರನ್ನು ಕೇಳಿದೆವು. ಸಭ್ಯವಾಗಿಯೇ ಬೇಡ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ರಸ್ತೆ ಮೇಲಿದ್ದು ಸೈಟು ಕೆಳಗಿರುವವರು ಇದನ್ನು ಎರಡು ಸಲ ಓದಿ. ಪೈಪಿಗೆ ಒಂದು ವಾಟ ಬೇಕು. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿತ ಅಂತ ನಮ್ಮವರು ಹಿಡಿದರು. ರಸ್ತೆಯ ಪೈಪಿನ ತಳದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಬಚ್ಚಲು ಎಷ್ಟು ಕೆಳಗೆ ಇರಬಹುದು ಅಂತ ಗೊತ್ತಾಗುತ್ತದೆ. ಮನೆಯ ಯಾವ ಮಟ್ಟದಲ್ಲಿ ಏನು ಬರಬೇಕು ಅನ್ನುವುದನ್ನು ಅರ್ಧಕ್ಕರ್ಧ ಈ ಒಂದು ಅಂಕಿಯೇ ತೀರ್ಮಾನಿಸಿಬಿಡುತ್ತದೆ. ಇನ್ನೊಂದು ವಿಷಯ: ಮ್ಯಾನ್‌ಹೋಲ್ ಮುಚ್ಚಳದ ಮಟ್ಟಕ್ಕಿಂತ ಕೆಳಗೆ ಬಚ್ಚಲಿನ ಬಾಯಿ ಇದ್ದರೆ, ರಸ್ತೆಯ ಪೈಪು ಕಟ್ಟಿಕೊಂಡ ದಿನ ಬೀದಿಯ ಕೊಳಕೆಲ್ಲ ಅಲ್ಲಿ ಉಕ್ಕುತ್ತದೆ. ಹಾಗೆ ಇಡಲೇಬೇಕಾದರೆ ವಾಪಸ್ ಬರದಂತೆ ತಡೆಯುವ ವಾಲ್ವ್ ಹಾಕಿಸಿ.

ಅಮ್ಮನ ಮಂಡಿಯೂ ಮೋರಿಯೂ ಒಂದೇ ಮಾತು ಹೇಳುತ್ತಿದ್ದವು. ಬಚ್ಚಲು, ಅಡಿಗೆಮನೆ, ಅಮ್ಮನ ರೂಮು ಮೂರೂ ರಸ್ತೆಯ ಮಟ್ಟಕ್ಕೆ ಬರಬೇಕು. ಪೈಪೇ ಬೇಡದ ಹಾಲು ಕೆಳಗೆ ಹೋಗಲಿ. ನಾಲ್ಕನೇ ನಕ್ಷೆ ಹುಟ್ಟಿದ್ದು ಹೀಗೆ.

ಅಲ್ಲಿ ಕಾರಿಗೂ ಅಮ್ಮನ ರೂಮಿಗೂ ಜಗಳ ಬಂತು. ಕಾರಿಗೆ ಬೇಕು ಸುಮಾರು 150 ಚದರ ಅಡಿ. ಅಮ್ಮನ ರೂಮು, ಬಚ್ಚಲು ಸೇರಿ ಹೆಚ್ಚುಕಮ್ಮಿ ಅಷ್ಟೇ. ಇರುವುದು 360. ಒಂದು ತಿಂಗಳು ಕಾರನ್ನು ಅಡ್ಡ, ಉದ್ದ, ಓರೆ ಎಲ್ಲ ಥರ ನಿಲ್ಲಿಸಿ ನೋಡಿದೆ, ಕಾಗದದ ಮೇಲೆ. ಕೊನೆಗೆ ಕಾರು ಸೋತಿತು. ಅದು ಬೇರೆ ಕಡೆ ಬಾಡಿಗೆ ಜಾಗದಲ್ಲಿ ನಿಲ್ಲುತ್ತದೆ. ನನಗೆ ಈಗಲೂ ಸ್ವಲ್ಪ ಬೇಜಾರಿದೆ, ಸುಳ್ಳೇಕೆ ಹೇಳಲಿ.

ಊಟದ ಮೇಜಿನದ್ದು ಇನ್ನೊಂದು ತಲೆನೋವು. ಹಾಲು ಕೆಳಗೆ, ಅಡಿಗೆಮನೆ ಮೇಲೆ. ಮೇಜು ಹಾಲಿನಲ್ಲಿಟ್ಟರೆ ಪ್ರತಿ ಹೊತ್ತೂ ಪಾತ್ರೆ ಹಿಡಿದು ಒಂಬತ್ತು ಮೆಟ್ಟಿಲು. ಅದಕ್ಕೆ ಅಡಿಗೆಮನೆಯ ಮುಂದೆಯೇ ಚಿಕ್ಕ ಮೇಜು ಇಟ್ಟು, ಅಡಿಗೆಮನೆ ಮತ್ತು ಹಾಲಿನ ನಡುವೆ ಗೋಡೆಯ ಬದಲು ಸೊಂಟದೆತ್ತರದ ಕಟ್ಟೆ ಮಾಡಿದೆವು. ಅಡಿಗೆ ಮಾಡುತ್ತಾ ಕೆಳಗೆ ಹಾಲಿನಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಇಡೀ ಮನೆಯಲ್ಲಿ ನನಗೆ ಅತಿ ಇಷ್ಟದ ಜಾಗ ಅದು.

ಇಷ್ಟಾದ ಮೇಲೆ ಅನುಮತಿಗೆ ಅರ್ಜಿ ಹಾಕಿದೆವು. ಏಳು ವಾರ ಕಾದ ಮೇಲೆ ವಾಪಸ್ ಬಂತು. ಕಾರಣ: ಎತ್ತರ ಮೀರಿದೆ. ಆರ್ಕಿಟೆಕ್ಟ್ ರಸ್ತೆಯ ಮಟ್ಟದಿಂದ ಅಳೆದಿದ್ದರು. ಪರಿಶೀಲಿಸಿದವರು ಕಟ್ಟಡ ನೆಲಕ್ಕೆ ತಾಗುವ ಅತಿ ಕೆಳಗಿನ ಜಾಗದಿಂದ ಅಳೆದಿದ್ದರು. ಸಮತಟ್ಟಾದ ಸೈಟಿನಲ್ಲಿ ಇವೆರಡೂ ಒಂದೇ. ನಮ್ಮಲ್ಲಿ 7 ಅಡಿ ವ್ಯತ್ಯಾಸ. ಎತ್ತರವನ್ನು ಎಲ್ಲಿಂದ ಅಳೆಯಬೇಕು ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಕೆಲವೆಡೆ ರಸ್ತೆಯಿಂದ, ಕೆಲವೆಡೆ ಸರಾಸರಿ ನೆಲದಿಂದ. ನಿಮ್ಮಲ್ಲಿ ಹೇಗೆ ಅಂತ ಮೊದಲ ಗೆರೆ ಎಳೆಯುವ ಮುಂಚೆಯೇ ಕೇಳಿ, ಸಾಧ್ಯವಾದರೆ ಬರೆಸಿಕೊಳ್ಳಿ. ಮುಟ್ಟದ ಮೂಲ ನೆಲದ ಗೆರೆಯನ್ನು ಪ್ರತಿ ಸೆಕ್ಷನ್‌ನಲ್ಲೂ ಚುಕ್ಕೆ ಚುಕ್ಕೆಯಾಗಿ ತೋರಿಸಲು ಹೇಳಿ. ಒಂದು ಗುದ್ದಲಿ ಮಣ್ಣು ತೆಗೆಯುವ ಮುಂಚೆ ಸೈಟಿನ ಫೋಟೋಗಳನ್ನೂ ತೆಗೆದಿಡಿ. ಆಮೇಲೆ ಮೂಲ ನೆಲ ಎಲ್ಲಿತ್ತು ಅಂತ ಯಾರಾದರೂ ಕೇಳಿದರೆ ತೋರಿಸಲು ಬೇರೇನೂ ಇರುವುದಿಲ್ಲ.

ನಾನು ಆ ದಿನ ನಿಜಕ್ಕೂ ಕುಸಿದಿದ್ದೆ. ಸೈಟನ್ನು ಮಾರಿಬಿಡೋಣ ಅಂತ ಹೆಂಡತಿಯ ಹತ್ತಿರ ಹೇಳಿಯೂ ಬಿಟ್ಟೆ. ಅವಳು ಉತ್ತರ ಕೊಡಲಿಲ್ಲ, ರಟ್ಟಿನ ಮಾದರಿಯ ಮೇಲಿನ ಧೂಳು ಒರೆಸಿ ಮತ್ತೆ ಮೇಜಿನ ಮೇಲಿಟ್ಟಳು.

ಐದನೇ ನಕ್ಷೆಯಲ್ಲಿ ಎರಡು ಬದಲಾವಣೆ. ಟೆರೇಸಿಗೆ ಹೋಗುವ ಮೆಟ್ಟಿಲಿನ ಮೇಲಿನ ಗೂಡನ್ನು ತಗ್ಗಿಸಿ ಓರೆ ಚಾವಣಿ ಮಾಡಿದರು. ಅಂತಸ್ತಿನ ಎತ್ತರವನ್ನು 10 ಅಡಿಯಿಂದ ಒಂಬತ್ತೂವರೆಗೆ ಇಳಿಸಿದರು. ಅರ್ಧ ಅಂತಸ್ತು 5 ಅಡಿ ಇದ್ದದ್ದು 4 ಅಡಿ 9 ಇಂಚಾಯಿತು. ಒಂಬತ್ತು ಮೆಟ್ಟಿಲಿಗೆ ಹಂಚಿದರೆ ಒಂದೊಂದು 6.33 ಇಂಚು ಎತ್ತರ. ಕಾಲಿಡುವ ಅಗಲ ಹತ್ತೂವರೆ ಇಂಚು. ಮೆಟ್ಟಿಲು ಆರಾಮವಾಗಿದೆಯೇ ಅಂತ ನೋಡಲು ಒಂದು ಹಳೆಯ ಲೆಕ್ಕ ಇದೆ: ಎತ್ತರದ ಎರಡು ಪಟ್ಟಿಗೆ ಅಗಲ ಸೇರಿಸಿದರೆ 24 ಇಂಚಿನ ಆಸುಪಾಸು ಬರಬೇಕು. ನಮ್ಮದು 23ರ ಮೇಲೆ ಚೂರು. ಅಮ್ಮನನ್ನು ಕರೆದು ಅದೇ ಅಳತೆಯ ಎರಡು ಹಲಗೆ ಮೆಟ್ಟಿಲು ಮಾಡಿಸಿ ಹತ್ತಿಸಿ ನೋಡಿದೆವು. "ಇದು ಪರವಾಗಿಲ್ಲ" ಎಂದರು. ಇಲಾಖೆಯ ತಕರಾರಿನಿಂದ ನಮಗೆ ಸಿಕ್ಕ ಒಂದೇ ಲಾಭ ಇದು. ಎರಡನೇ ಸಲ ಐದು ವಾರಕ್ಕೆ ಅನುಮತಿ ಬಂತು.

ಕೊನೆಗೆ ನಿಂತ ಮನೆ ಹೀಗಿದೆ. ರಸ್ತೆಗಿಂತ ಅರ್ಧ ಅಡಿ ಮೇಲೆ ಅಮ್ಮನ ರೂಮು, ಬಚ್ಚಲು, ಅಡಿಗೆಮನೆ. ಈ ಅರ್ಧ ಅಡಿ ಎತ್ತರ ತಪ್ಪಿಸಬೇಡಿ, ಇಲ್ಲದಿದ್ದರೆ ಜೋರು ಮಳೆಯಲ್ಲಿ ರಸ್ತೆಯ ನೀರು ನೇರ ಒಳಗೆ. ಒಂಬತ್ತು ಮೆಟ್ಟಿಲು ಇಳಿದರೆ ಹಾಲು, ಅದರ ಹಿಂದೆ ಗಿಡಗಳಿಗೆ ಐದಡಿಯ ಪಟ್ಟಿ. ಒಂಬತ್ತು ಮೆಟ್ಟಿಲು ಹತ್ತಿದರೆ ಹಾಲಿನ ಮೇಲೆ ನಮ್ಮ ರೂಮು. ಮತ್ತೆ ಒಂಬತ್ತಕ್ಕೆ ಮಕ್ಕಳದ್ದು. ಮತ್ತೆ ಒಂಬತ್ತಕ್ಕೆ ಟೆರೇಸು. ಹಾಲಿನಿಂದ ಟೆರೇಸಿನವರೆಗೆ 36.

ಎಂಟು ಅಡಿಯ ತಡೆಗೋಡೆ ಏನಾಯಿತು ಅಂತ ಕೇಳಬಹುದು. ಮಾಯವಾಯಿತು. ಮುಂದಿನ ಭಾಗ ಕಂಬಗಳ ಮೇಲೆ ತೂಗಿ ನಿಂತಿದೆ, ಅದರ ಕೆಳಗೆ ಮೂಲ ಇಳಿಜಾರು ಹಾಗೇ ಇದೆ. ಮುಂದೆ ಒಂದು ಅಡಿ, ಹಿಂದೆ ನಾಲ್ಕು ಅಡಿ ಖಾಲಿ ಜಾಗ, ಗಾಳಿಯಾಡಲು ಜಾಲರಿ. ಹಾಲಿನ ಕೆಳಗೆ ಮಾತ್ರ ಮಣ್ಣು ತುಂಬಿದೆವು, ಅತಿ ಹೆಚ್ಚೆಂದರೆ ಮೂರು ಅಡಿಗೂ ಕಮ್ಮಿ. ಅದೂ ಪಾಯ ಅಗೆದಾಗ ಬಂದ ಮಣ್ಣೇ, ಆರೆಂಟು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಗುದ್ದಿಸಿದ್ದು. ಒಂದು ಲಾರಿ ಮಣ್ಣೂ ಹೊರಗಿನಿಂದ ಬರಲಿಲ್ಲ.

ಖರ್ಚು ಕಡಿಮೆಯಾಯಿತಾ? ಇಲ್ಲ. ತಡೆಗೋಡೆಯಲ್ಲಿ ಉಳಿದ ಹಣ ಬೇರೆ ಕಡೆ ಹೋಯಿತು. ಕಸ ತುಂಬಿದ ಮೂಲೆಯಲ್ಲಿ ಪಾಯ ಮೂರು ಅಡಿ ಹೆಚ್ಚು ಆಳ ಹೋಯಿತು. ಪಾಯಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಪಕ್ಕಪಕ್ಕದ ಪಾಯಗಳ ನಡುವೆ ಎರಡು ಅಡಿ ದೂರಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿತ ಬೇಡ ಅಂತ ಎಂಜಿನಿಯರ್ ಹಟ ಹಿಡಿದರು, ಮೇಲಿನದರ ಭಾರ ಕೆಳಗಿನದರ ಮೇಲೆ ಬೀಳಬಾರದಲ್ಲ. ಮತ್ತೆ ಗಿಡ್ಡ ಕಂಬಗಳ ವಿಷಯ. ಎರಡು ಭಾಗ ಸೇರುವ ನಡುಸಾಲಿನ ಕಂಬಗಳಿಗೆ ಪ್ರತಿ 4 ಅಡಿ 9 ಇಂಚಿಗೂ ಒಂದು ಬೀಮ್ ಬಂದು ಸೇರುತ್ತದೆ. ಕಂಬ ಗಿಡ್ಡವಾದಷ್ಟೂ ಬಾಗುವುದಿಲ್ಲ. ಉದ್ದ ಅರ್ಧಕ್ಕೆ ಇಳಿದರೆ ಎಂಟು ಪಟ್ಟು ಬಿಗಿ. ಭೂಮಿ ನಡುಗಿದರೆ ಬಿಗಿಯಾದ ಕಂಬವೇ ಪೆಟ್ಟೆಲ್ಲ ತಿನ್ನುತ್ತದೆ. ಅದಕ್ಕೆ ಆ ಸಾಲಿನ ಕಂಬಗಳಿಗೆ ಬುಡದಿಂದ ತುದಿಯವರೆಗೂ ರಿಂಗುಗಳನ್ನು (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆಗಳು) ಹತ್ತಿರ ಹತ್ತಿರ ಕಟ್ಟಿಸಿದರು. ಕಂಬಿ ಕಟ್ಟುವ ಬಾರ್ ಬೆಂಡಿಂಗ್‌ನವರು "ಇಷ್ಟೊಂದು ಯಾಕೆ ಸಾರ್, ಎಲ್ಲೂ ಹಾಕಲ್ಲ" ಎಂದು ಗೊಣಗಿದರು. ಆ ದಿನ ರಜೆ ಹಾಕಿ ನಾನೇ ನಿಂತು ಎಣಿಸಿದೆ. ನೀವೂ ನಿಲ್ಲಿ. ಎಲ್ಲ ಸೇರಿ ನಮ್ಮ ಕಟ್ಟುವ ಖರ್ಚಿನಲ್ಲಿ ಕಾಲು ಭಾಗದ ಹತ್ತಿರ ಕಣ್ಣಿಗೆ ಕಾಣದ ಹಾಗೆ ನೆಲದೊಳಗೇ ಹೋಯಿತು. ಸೈಟು ಅಗ್ಗ ಅಂತ ಉಳಿಸಿದ ದುಡ್ಡು ಅಲ್ಲಿಗೆ ಸರಿಹೋಯಿತು.

ಇನ್ನು ಮನೆಯಲ್ಲಿ ಇದ್ದು ನೋಡಿದ ಮೇಲೆ ಗೊತ್ತಾದ ಸಂಗತಿಗಳು. ಸದ್ದು ಎಲ್ಲ ಕಡೆ ಹೋಗುತ್ತದೆ. ಮೆಟ್ಟಿಲಿನ ಬಾವಿ ಒಂದೇ ಅಲ್ವಾ, ಹಾಲಿನ ಟಿವಿ ಮಕ್ಕಳ ರೂಮಿನವರೆಗೆ ಕೇಳುತ್ತದೆ. ಒಗ್ಗರಣೆಯ ಘಾಟೂ ಹಾಗೇ. ಬಿಸಿಗಾಳಿ ಮೇಲೇರುವುದರಿಂದ ಮೆಟ್ಟಿಲಿನ ತುದಿಯಲ್ಲಿ ತೆರೆಯುವ ಕಿಟಕಿ ಇಡಿಸಿದ್ದೆವು. ಅದನ್ನು ತೆರೆದರೆ ಹಾಲಿನಿಂದ ಗಾಳಿ ಎಳೆದುಕೊಂಡು ಹೋಗುತ್ತದೆ, ಅದು ಚೆನ್ನಾಗಿದೆ. ಆದರೂ ಮಕ್ಕಳ ರೂಮು ಎಲ್ಲಕ್ಕಿಂತ ಬೆಚ್ಚಗೆ. ಕಸ ಗುಡಿಸಿ ಒರೆಸುವವರ ಕಷ್ಟ ಯಾವ ನಕ್ಷೆಯಲ್ಲೂ ಇರಲಿಲ್ಲ. ಈಗ ಪ್ರತಿ ಎರಡು ಮಟ್ಟಕ್ಕೊಂದು ಪೊರಕೆ, ಬಕೆಟ್ಟು ಇಟ್ಟಿದ್ದೇವೆ. ಮೂರಡಿ ಅಗಲದ ಮೆಟ್ಟಿಲಿನಲ್ಲಿ ಹಳೆಯ ಬೀರು ತಿರುಗಲಿಲ್ಲ, ಬಿಚ್ಚಿ ಹೊತ್ತೆವು. ಇರುವ ದೊಡ್ಡ ಸಾಮಾನಿನ ಅಳತೆಯನ್ನು ಮೊದಲೇ ಆರ್ಕಿಟೆಕ್ಟ್‌ಗೆ ಕೊಡಿ.

ಮಳೆನೀರಿನ ಮಾತು ಉಳಿಯಿತು. ಹಿಂದಿನ ಚಾವಣಿಯ ನೀರನ್ನು ರಸ್ತೆಗೆ ಏರಿಸಲು ಆಗುವುದಿಲ್ಲ, ಕೆಳಗಿನ ಮನೆಯವರ ಮೇಲೆ ಬಿಡುವಂತೆಯೂ ಇಲ್ಲ. ಹಿಂದಿನ ಬಲಮೂಲೆಯಲ್ಲಿ, ಪಾಯದಿಂದ ಆದಷ್ಟು ದೂರ, ಇಂಗುಗುಂಡಿ ಮಾಡಿಸಿದ್ದೇವೆ. ಮೊನ್ನೆ ರಾತ್ರಿ ಮೊದಲ ಜೋರು ಮಳೆ ಬಂತು. ಬೆಳಿಗ್ಗೆ ಟಾರ್ಚು ಹಿಡಿದು ಮನೆಯ ಕೆಳಗಿನ ಖಾಲಿ ಜಾಗಕ್ಕೆ ತೆವಳಿಕೊಂಡು ಹೋದೆ. ನೆಲ ಒಣಗಿತ್ತು. ಎಡಗಡೆಯ ಕೊನೆಯ ಕಂಬದ ಬುಡದಲ್ಲಿ ಮಾತ್ರ ಅಂಗೈಯಗಲ ಒದ್ದೆ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ತಾರೀಕು ಬರೆದು ಬಂದಿದ್ದೇನೆ. ಗುರುವಾರ ಎಂಜಿನಿಯರ್ ಬರುತ್ತಾರೆ.